ಪರರಿತ್ತ ಸಿಂಹಾಸನವನ್ನೊಲ್ಲದ ರಾಜಪುತ್ರ

ಹಿಂದೂ ಮಹಾಸಾಗರಕ್ಕೂ ಶಾಂತಸಾಗರಕ್ಕೂ ನಡುವೆ ಹರಡಿಕೊಂಡಿರುವ ಸಾವಿರಾರು ದ್ವೀಪಗಳ ನಾಡಾದ ಇಂಡೊನೇಷ್ಯದಲ್ಲಿ ಯಾವ ದೊಡ್ಡ ಪಟ್ಟಣಕ್ಕೆ ಹೋದರೂ ದಿಪೊನೆಗೊರೊ ಎಂಬ ಹೆಸರಿನ ಬೀದಿಯೊಂದು ಕಣ್ಣಿಗೆ ಬೀಳುವುದು ಸಾಮಾನ್ಯ. ಜಕಾರ್ತದ ರಾಷ್ಟ್ರಸ್ಮಾರಕದ ಆವರಣದಲ್ಲಿ ಆತನ ಅಶ್ವಾರೂಢ ಪ್ರತಿಮೆಯಿದೆ; ಸೆಮರಾಂಗ್ ನಗರದ ವಿಶ್ವವಿದ್ಯಾನಿಲಯವು ಆತನ ಹೆಸರನ್ನು ಧರಿಸಿದೆ; 1973ರಲ್ಲಿ ಆ ದೇಶದ ಸರ್ಕಾರವು ಆತನನ್ನು ರಾಷ್ಟ್ರವೀರನೆಂದು ವಿಧ್ಯುಕ್ತವಾಗಿ ಘೋಷಿಸಿತು. ಇಷ್ಟೆಲ್ಲ ಗೌರವಕ್ಕೆ ಪಾತ್ರನಾದ ಈ ಪುರುಷನಾದರೋ ಯುದ್ಧದಲ್ಲಿ ಗೆದ್ದವನಲ್ಲ. ಸುಮಾರು ಐದು ವರ್ಷ ಡಚ್ಚರೊಡನೆ ಹೋರಾಡಿ, ಕಡೆಗೆ ಸಂಧಾನದ ಮನೆಯಲ್ಲಿಯೇ ಸೆರೆಸಿಕ್ಕಿ, ತಾನು ಹುಟ್ಟಿ ಬೆಳೆದ ಜಾವಾವನ್ನು ಮತ್ತೊಮ್ಮೆ ಕಾಣಲಾರದೆ ಪರದ್ವೀಪವೊಂದರಲ್ಲಿ ಕಣ್ಣು ಮುಚ್ಚಿದವನು. ಸೋತವನನ್ನು ಒಂದು ರಾಷ್ಟ್ರವು ತನ್ನ ಮುಂದಾಳುಗಳ ಸಾಲಿನಲ್ಲಿ ಅಗ್ರಸ್ಥಾನದಲ್ಲಿರಿಸಿ ಪೂಜಿಸುವುದೆಂದರೆ, ಆ ಸೋಲಿನೊಳಗೆ ಗೆಲವಿಗಿಂತಲೂ ಬಾಳುವ ಯಾವುದೋ ಸತ್ತ್ವವು ಅಡಗಿರಬೇಕು. ಆ ಸತ್ತ್ವವನ್ನು ಅರಿಯಬೇಕಾದರೆ ಆತನ ಬಾಲ್ಯದಿಂದಲೇ ತೊಡಗಬೇಕು.

1755ರಲ್ಲಿ, ಜಾವಾದ ಪುರಾತನ ಮತರಾಂ ರಾಜ್ಯವು ದಾಯಾದಿ ಕಲಹದಿಂದಲೂ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಕೈವಾಡದಿಂದಲೂ ಇಬ್ಭಾಗವಾಗಿ, ಸುರಕರ್ತ, ಯೋಗ್ಯಕರ್ತ ಎಂಬ ಎರಡು ಅರಸೊತ್ತಿಗೆಗಳು ಉಂಟಾದುವು. ಯೋಗ್ಯಕರ್ತದ ಸುಲ್ತಾನರೆಲ್ಲರೂ ಹಮೆಂಗ್ಕುಬುವೊನೊ ಎಂಬ ಬಿರುದನ್ನು ಧರಿಸಿ, ಒಂದನೆಯ, ಎರಡನೆಯ, ಮೂರನೆಯ ಎಂಬ ಸಂಖ್ಯೆಯಿಂದ ಗುರುತಿಸಲ್ಪಡುತ್ತಾರೆ. ಮುಂದೆ ಮೂರನೆಯ ಸುಲ್ತಾನನಾದವನ ಜ್ಯೇಷ್ಠಪುತ್ರನಾಗಿ ದಿಪೊನೆಗೊರೊ 1785ರ ನವೆಂಬರ್ 11ರಂದು ಆ ಅರಮನೆಯಲ್ಲಿ ಜನಿಸಿದನು. ತಾಯಿ ಪಟ್ಟದರಸಿಯಲ್ಲ. ಏಳು ವರ್ಷದ ಬಾಲಕನಾಗಿದ್ದಾಗ ಆತನನ್ನು ಮುತ್ತಜ್ಜಿಯಾದ ರತು ಅಗೆಂಗಳ ಮಡಿಲಿಗೆ ಒಪ್ಪಿಸಲಾಯಿತು. ಮೊದಲನೆಯ ಸುಲ್ತಾನನ ವಿಧವೆಯಾದ ಆಕೆ ಒಂದು ಕಾಲಕ್ಕೆ ಅರಮನೆಯ ಸ್ತ್ರೀ ಅಂಗರಕ್ಷಕದಳದ ನಾಯಕಿಯಾಗಿದ್ದವಳು, ದೈವಭಕ್ತೆ, ಸ್ವಾಭಿಮಾನಿ. ಎರಡನೆಯ ಸುಲ್ತಾನನಾದ ತನ್ನ ಮಗನ ನಡತೆ ಹಿಡಿಸದೆ ಅರಮನೆಯನ್ನು ತೊರೆದು, ಊರಿನ ವಾಯವ್ಯ ದಿಕ್ಕಿನ ತೆಗಲ್‌ರೆಜೊ ಎಂಬಲ್ಲಿ ಬಂಜರನ್ನು ಗದ್ದೆಯಾಗಿಸಿಕೊಂಡು ನೆಲೆಸಿದ್ದಳು.

ಆ ಮನೆಯಲ್ಲಿ ಬೆಳೆದ ರಾಜಕುಮಾರನು ಬಿತ್ತನೆ, ನಾಟಿ, ಕೊಯ್ಲುಗಳನ್ನು ಕಣ್ಣಾರೆ ಕಂಡನು; ಒಕ್ಕಲುಮಕ್ಕಳ ಭಾಷೆಯನ್ನೂ ಅವರ ಕಷ್ಟಸುಖಗಳನ್ನೂ ಬಲ್ಲವನಾದನು; ಗ್ರಾಮಾಂತರದ ಧರ್ಮಪಾಠಶಾಲೆಗಳಲ್ಲಿ ಕುರಾನನ್ನೂ ಸೂಫಿ ತತ್ತ್ವವನ್ನೂ ಅಭ್ಯಾಸಮಾಡಿದನು. ಅದರೊಡನೆಯೇ ಜಾವಾದ ತೊಗಲುಗೊಂಬೆಯಾಟದ ಮೂಲಕ ಮಹಾಭಾರತದ ಕಥಾಪ್ರಪಂಚವೂ ಆತನ ಅಂತರಂಗವನ್ನು ಪ್ರವೇಶಿಸಿತು. ಆ ದ್ವೀಪದ ಜನ ಶತಮಾನಗಳ ಹಿಂದೆಯೇ ಇಸ್ಲಾಂ ಧರ್ಮವನ್ನು ಸ್ವೀಕರಿಸಿದ್ದರೂ ಪಾಂಡವರನ್ನು ಬಿಟ್ಟುಕೊಟ್ಟವರಲ್ಲ. ಪಾಂಡವರಲ್ಲಿಯೂ ಅರ್ಜುನನು ಅವರಿಗೆ ಅತ್ಯಂತ ಪ್ರಿಯನಾದ ನಾಯಕ. ನಮ್ಮ ಪಂಪನು ಅರ್ಜುನನನ್ನು ಕಥಾನಾಯಕನನ್ನಾಗಿಸಿ ಕಾವ್ಯ ರಚಿಸಿದ ಮರುಶತಮಾನದಲ್ಲಿಯೇ ಜಾವಾದ ಕವಿ ಎಂಪು ಕನ್ವನು ಅರ್ಜುನನ ತಪಸ್ಸನ್ನೂ ಕಿರಾತರೂಪಿಯಾದ ಶಿವನೊಡನೆ ಆತನು ನಡೆಸಿದ ಯುದ್ಧವನ್ನೂ ವಸ್ತುವಾಗಿಸಿ ಕಾವ್ಯವನ್ನು ಬರೆದಿದ್ದನು. ಶಸ್ತ್ರವನ್ನು ಕೈಗೆತ್ತಿಕೊಳ್ಳುವ ಮುನ್ನ ತಪಸ್ಸಿನಿಂದ ತನ್ನನ್ನು ತಾನು ಗೆಲ್ಲಬೇಕೆಂಬ ಆ ಆದರ್ಶವು ಈ ರಾಜಕುಮಾರನಿಗೂ ಹಿಡಿಸಿತು. ಇಪ್ಪತ್ತರ ಆಸುಪಾಸಿನಲ್ಲಿ ಆತನು ಸಾಮಾನ್ಯರ ಉಡುಪನ್ನು ತೊಟ್ಟು, ಪಾಠಶಾಲೆಗಳನ್ನೂ ಮಸೀದಿಗಳನ್ನೂ ಸಂದರ್ಶಿಸುತ್ತ, ಗುಹೆಗಳಲ್ಲಿ ಧ್ಯಾನಮಾಡುತ್ತ ದಕ್ಷಿಣ ಸಮುದ್ರತೀರದವರೆಗೂ ಕಾಲ್ನಡೆಯಲ್ಲಿ ಸಂಚರಿಸಿದನು. ಜಾವಾಕ್ಕೆ ಸಮೀಪಿಸುತ್ತಿರುವ ವಿನಾಶವನ್ನು ಮುನ್ನುಡಿದ ಅಶರೀರವಾಣಿಯೊಂದನ್ನು ಕಡಲ ದಡದಲ್ಲಿ ಕೇಳಿದುದಾಗಿ ಆತನೇ ಅನಂತರ ಬರೆದಿಟ್ಟಿದ್ದಾನೆ.

ವಿನಾಶವು ಮೊದಲು ಬಂದದ್ದು ಡಚ್ಚರ ರೂಪದಲ್ಲಲ್ಲ, ಆಂಗ್ಲರ ರೂಪದಲ್ಲಿ. ಯೂರೋಪಿನಲ್ಲಿ ನೆಪೋಲಿಯನ್ನನು ಹಾಲೆಂಡನ್ನು ನುಂಗಿದ್ದರಿಂದ, ಭಾರತದಲ್ಲಿದ್ದ ಆಂಗ್ಲ ಸರ್ಕಾರವು 1811ರಲ್ಲಿ ನೌಕಾಸೈನ್ಯವನ್ನು ಕಳುಹಿಸಿ ಜಾವಾವನ್ನು ವಶಪಡಿಸಿಕೊಂಡಿತು. ಅಲ್ಲಿಯ ಆಡಳಿತವನ್ನು ವಹಿಸಿಕೊಂಡ ರಾಫಲ್ಸ್ ಎಂಬವನು ಯೋಗ್ಯಕರ್ತದ ಎರಡನೆಯ ಸುಲ್ತಾನನು ತನಗೆ ಮಣಿಯಲಿಲ್ಲವೆಂದು 1812ರ ಜೂನ್ ತಿಂಗಳಿನಲ್ಲಿ ಅರಮನೆಯ ಮೇಲೆ ದಾಳಿಮಾಡಿಸಿದನು. ಕೋಟೆ ಬಿತ್ತು, ಭಂಡಾರ ಲೂಟಿಯಾಯಿತು, ವೃದ್ಧ ಸುಲ್ತಾನನನ್ನು ಪಿನಾಂಗಿಗೆ ಗಡೀಪಾರು ಮಾಡಿದರು. ಈ ಸನ್ನಿವೇಶದಲ್ಲಿ ಕನ್ನಡ ನಾಡಿನ ಚರಿತ್ರೆಯೊಡನೆ ಸಂಬಂಧವುಳ್ಳ ಇಬ್ಬರು ಕಾಣಿಸಿಕೊಳ್ಳುತ್ತಾರೆ. ದಾಳಿಯ ಸೇನಾಪತಿಯಾದ ಗಿಲೆಸ್ಪಿಯು, ಟಿಪ್ಪು ಸುಲ್ತಾನನ ಮಕ್ಕಳನ್ನು ಇರಿಸಿದ್ದ ವೆಲ್ಲೂರು ಕೋಟೆಯಲ್ಲಿ 1806ರಲ್ಲಿ ಸಿಪಾಯಿಗಳು ದಂಗೆಯೆದ್ದಾಗ ಅದನ್ನು ನಿರ್ದಯವಾಗಿ ಅಡಗಿಸಿದವನು. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯನ್ನು ಅಳೆದು, ನಮ್ಮ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಕಲೆಹಾಕಿದ ಕಾಲಿನ್ ಮೆಕೆಂಜಿಯೂ ಆ ದಂಡಿನೊಡನಿದ್ದನು; ಅರಮನೆಯ ಗ್ರಂಥಭಂಡಾರದಿಂದ ದೋಚಿದ ಕೃತಿಗಳು ರಾಫಲ್ಸ್, ಮೆಕೆಂಜಿ ಮೊದಲಾದವರ ಪಾಲಾದುವು. ಅವುಗಳಲ್ಲಿ 75 ಹಸ್ತಪ್ರತಿಗಳ ಪಡಿಯಚ್ಚುಗಳನ್ನು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯವು ಗಣಕಯಂತ್ರದ ಮೂಲಕ ಸಿದ್ಧಗೊಳಿಸಿ ಈಗಿನ ಸುಲ್ತಾನನಿಗೆ ಒಪ್ಪಿಸಿದ್ದು 2019ರಲ್ಲಿ, ಇನ್ನೂರು ವರ್ಷಗಳ ಅನಂತರ.

ಆಂಗ್ಲರು ದಿಪೊನೆಗೊರೊವಿನ ತಂದೆಯನ್ನು ಪಟ್ಟಕ್ಕೇರಿಸಿದರು. ಆಗ ಯುವರಾಜಪದವಿಯು ಜ್ಯೇಷ್ಠಪುತ್ರನ ಬಾಗಿಲಿಗೆ ತಾನಾಗಿಯೇ ಬಂದಿತು. ತನ್ನ ತಾಯಿ ಪಟ್ಟದರಸಿಯಲ್ಲವೆಂಬುದನ್ನು ಮುಂದುಮಾಡಿ, ಆತನು ಅದನ್ನು ನಿರಾಕರಿಸಿ ತಮ್ಮನಿಗೆ ಬಿಟ್ಟುಕೊಟ್ಟನು. ಆತನ ಜೀವಿತದ ಮರ್ಮವು ಈ ಒಂದು ನಿರಾಕರಣೆಯಲ್ಲಿ ಅಡಗಿದೆಯೆಂದು ನನ್ನ ಭಾವನೆ. ಪರಕೀಯರು ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಏರಿಸುವ ಆಸನವು ಎಷ್ಟು ರತ್ನಖಚಿತವಾದರೂ ಸಿಂಹಾಸನವೆನಿಸದೆಂಬುದನ್ನು ಆ ಇಪ್ಪತ್ತಾರು ವರ್ಷದ ತರುಣನು ತನ್ನ ಕಣ್ಣೆದುರಿನಲ್ಲಿಯೇ ಕಂಡಿದ್ದನು. ಆತನು ತೆಗಲ್‌ರೆಜೊವಿನ ಗದ್ದೆಗಳಿಗೆ ಹಿಂದಿರುಗಿದನು.

1816ರಲ್ಲಿ ಜಾವಾ ಮರಳಿ ಡಚ್ಚರ ಕೈಸೇರಿದ ಮೇಲೆ ರೈತರ ಬಾಳು ಇನ್ನೂ ದುರ್ಭರವಾಯಿತು. ರಸ್ತೆ ರಸ್ತೆಗೂ ಸುಂಕದ ಕಟ್ಟೆಗಳನ್ನು ನಿಲ್ಲಿಸಿ, ಅವುಗಳ ವಸೂಲಿಯನ್ನು ಅತಿ ಹೆಚ್ಚಿನ ಹಣ ಕೂಗಿದವರಿಗೆ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆದಾರರಲ್ಲಿ ಬಹುಮಂದಿ ಚೀನೀಯರು. ಮೇಲಿನಿಂದ ಸರ್ಕಾರವು ಗುತ್ತಿಗೆಯ ಮೊತ್ತವನ್ನು ಏರಿಸುತ್ತ ಹೋದಂತೆ ಅವರು ಕೆಳಗಿನವರನ್ನು ಹಿಂಡುತ್ತ ಹೋದರು. ಒಂದು ಹೊರೆ ಅಕ್ಕಿಯನ್ನೋ ಹಣ್ಣನ್ನೋ ಸಂತೆಗೆ ಒಯ್ಯುವ ಹಳ್ಳಿಗನು ದಾರಿಯುದ್ದಕ್ಕೂ ಸುಂಕ ತೆತ್ತು ತೆತ್ತು, ಸಂತೆ ಮುಟ್ಟುವ ಹೊತ್ತಿಗೆ ಲಾಭವನ್ನೆಲ್ಲ ಕಳೆದುಕೊಂಡಿರುತ್ತಿದ್ದನು. ಬೆನ್ನಿಗೆ ಕೂಸನ್ನು ಕಟ್ಟಿಕೊಂಡು ಬರುವ ತಾಯಿಯಿಂದಲೂ ಆ ಕೂಸನ್ನು ಹೊರೆಯೆಂದೆಣಿಸಿ ಸುಂಕ ಕೀಳುತ್ತಿದ್ದರೆಂದು ಹೇಳುತ್ತಾರೆ. ಈ ಕಟ್ಟೆಗಳನ್ನು ತೆಗೆದುಹಾಕಬೇಕೆಂದು 1824ರಲ್ಲಿ ಸರ್ಕಾರದ ವಿಚಾರಣಾಧಿಕಾರಿಗಳೇ ಸಲಹೆಮಾಡಿದರೂ ಆದಾಯದ ಆಸೆಯು ಆ ಸಲಹೆಯನ್ನು ಮೂಲೆಗೊತ್ತಿತು. ಇತ್ತ ರಾಜವಂಶದವರು ತಮ್ಮ ಭೂಮಿಯನ್ನು ಯೂರೋಪಿಯನ್ ತೋಟಗಾರರಿಗೆ ಗುತ್ತಿಗೆ ಕೊಟ್ಟು ಪಡೆದ ಮುಂಗಡವನ್ನು ಅದಾಗಲೇ ವೆಚ್ಚಮಾಡಿದ್ದರು. 1823ರಲ್ಲಿ ಗವರ್ನರ್ ಜನರಲ್ಲನು ಆ ಗುತ್ತಿಗೆಗಳನ್ನು ಏಕಾಏಕಿ ರದ್ದುಪಡಿಸಿ, ತೋಟಗಾರರಿಗೆ ಪರಿಹಾರ ತೆರಬೇಕೆಂದು ಆಜ್ಞಾಪಿಸಿದ್ದರಿಂದ ರಾಜವಂಶದವರೂ ಸಾಲದಲ್ಲಿ ಮುಳುಗಿದರು. ಹೀಗೆ ಗುಡಿಸಿಲು ಅರಮನೆಗಳೆರಡರಲ್ಲಿಯೂ ಒಂದೇ ಕಾಲಕ್ಕೆ ಅಸಮಾಧಾನವು ಕುದಿಯತೊಡಗಿತು.

ಪ್ರಕೃತಿಯೂ ಅದಕ್ಕೆ ಇಂಬುಕೊಟ್ಟಂತೆ ತೋರಿತು. 1821ರಲ್ಲಿ ಕಾಲರಾ ಮಾರಿ ದ್ವೀಪವನ್ನು ಹೊಕ್ಕಿತು. ಮರುವರ್ಷದ ಡಿಸೆಂಬರಿನಲ್ಲಿ ನಾಲ್ಕನೆಯ ಸುಲ್ತಾನನಾಗಿದ್ದ ಆ ತಮ್ಮನು ಅಕಾಲಮರಣಕ್ಕೆ ತುತ್ತಾಗಿ, ಮೂರು ವರ್ಷವೂ ತುಂಬದ ಶಿಶುವು ಪಟ್ಟಕ್ಕೆ ಬಂದಿತು. ಅದೇ ತಿಂಗಳ ಕಡೆಯಲ್ಲಿ ಮೆರಾಪಿ ಜ್ವಾಲಾಮುಖಿಯು ಬೆಂಕಿಯನ್ನುಗುಳಿತು. ಲೋಕದಲ್ಲಿ ಅನ್ಯಾಯವು ಮಿತಿಮೀರಿದಾಗ ನ್ಯಾಯಮೂರ್ತಿಯಾದ ಅರಸನೊಬ್ಬನು ಅವತರಿಸಿ ವ್ಯವಸ್ಥೆಯನ್ನು ಮರಳಿ ಸ್ಥಾಪಿಸುವನೆಂಬ ನಂಬಿಕೆ ಜಾವಾದ ಜನರಲ್ಲಿ ಹಿಂದಿನಿಂದ ಬಂದುದು. ಅವನನ್ನು ಅವರು ರತು ಆದಿಲ್ ಎನ್ನುತ್ತಾರೆ. ಅಂತಹವನು ಬರುವ ಕಾಲ ಸಮೀಪಿಸಿತೆಂಬ ಮಾತು ಹಳ್ಳಿಹಳ್ಳಿಗಳಲ್ಲಿ ಕೇಳಿಬರತೊಡಗಿತು. ಬಾಲಸುಲ್ತಾನನ ಪೋಷಕರಲ್ಲೊಬ್ಬನಾಗಿ ನೇಮಕಗೊಂಡಿದ್ದ ದಿಪೊನೆಗೊರೊವಾದರೋ, ರಾಜ್ಯದ ವ್ಯವಹಾರವೆಲ್ಲ ಡಚ್ ರೆಸಿಡೆಂಟನ ಮತ್ತು ಅವನ ಮರ್ಜಿಯಂತೆ ನಡೆಯುವ ಮಂತ್ರಿಯ ಕೈಯಲ್ಲಿರುವುದನ್ನು ಕಂಡು ಜುಗುಪ್ಸೆಗೊಂಡಿದ್ದನು.

ಕಿಡಿ ಹೊತ್ತಿಕೊಂಡದ್ದು ಒಂದು ರಸ್ತೆಯ ನೆವದಿಂದ. 1825ರಲ್ಲಿ ಹೊಸ ರಸ್ತೆಯ ಗುರುತಿಗೆಂದು ನೆಟ್ಟ ಗೂಟಗಳು, ಒಡೆಯನಿಗೆ ಒಂದು ಮಾತನ್ನೂ ತಿಳಿಸದೆ, ತೆಗಲ್‌ರೆಜೊವಿನ ಜಮೀನನ್ನು ಹಾದುಹೋದುವು. ರಾಜಕುಮಾರನ ಜನ ಗೂಟಗಳನ್ನು ಕಿತ್ತರು. ಸರ್ಕಾರದವರು ಮತ್ತೆ ನೆಟ್ಟರು. ಜನ ಮತ್ತೆ ಕಿತ್ತು ಆ ಸ್ಥಳದಲ್ಲಿ ಈಟಿಗಳನ್ನು ನೆಟ್ಟರು. ಜುಲೈ 20ರಂದು ಆತನನ್ನು ಹಿಡಿಯಲು ಬಂದ ದಂಡು ತೆಗಲ್‌ರೆಜೊವಿನ ಮನೆಯನ್ನು ಸುಟ್ಟುಹಾಕಿತು. ರಾಜಕುಮಾರನು ತನ್ನವರೊಡನೆ ತಪ್ಪಿಸಿಕೊಂಡು, ಯೋಗ್ಯಕರ್ತದ ನೈಋತ್ಯದ ಸೆಲಾರೊಂಗ್ ಗುಹೆಗಳನ್ನು ಸೇರಿ, ಅಲ್ಲಿ ಯುದ್ಧದ ಧ್ವಜವನ್ನೆತ್ತಿದನು. ಕೆಲವೇ ವಾರಗಳಲ್ಲಿ ಆ ಗುಡ್ಡಕ್ಕೆ ಹರಿದುಬಂದವರಲ್ಲಿ ರಾಜವಂಶೀಯರೂ, ಧರ್ಮೋಪದೇಶಕರೂ, ಕೊಡಲಿ ಕವಣೆಗಳನ್ನು ಹಿಡಿದ ರೈತರೂ, ದಾರಿಗಳ್ಳತನದಿಂದ ಬದುಕುತ್ತಿದ್ದವರೂ ಇದ್ದರು. ಚಿಕ್ಕಪ್ಪನಾದ ಮಂಕುಬುಮಿಯು ಹಿರಿಯ ಸಲಹೆಗಾರನಾದನು. ಕ್ಯಾಯಿ ಮೊಜೊ ಎಂಬ ಪಂಡಿತನು ಯುದ್ಧಕ್ಕೆ ಧರ್ಮದ ಬಲವನ್ನು ತಂದನು. ಇಪ್ಪತ್ತು ತುಂಬದ ಸೆಂತೊತ್ ಎಂಬ ತರುಣನು ಅಶ್ವದಳದ ದಂಡನಾಯಕನಾಗಿ ಪ್ರಖ್ಯಾತನಾದನು. ನ್ಯಿ ಅಗೆಂಗ್ ಸೆರಾಂಗ್ ಎಂಬ ವೃದ್ಧೆಯೂ ಈ ಹೋರಾಟದಲ್ಲಿ ಮುಂದಾಳಾಗಿ ನಿಂತಳು. ಅನುಯಾಯಿಗಳು ದಿಪೊನೆಗೊರೊವನ್ನು ಸುಲ್ತಾನನೆಂದೂ ತಾವು ಕಾದಿದ್ದ ನ್ಯಾಯದ ಅರಸನೆಂದೂ ಸ್ವೀಕರಿಸಿದರು. ಹಿಂದೆ ಯುವರಾಜಪದವಿಯನ್ನು ಒಲ್ಲೆನೆಂದವನು ಈಗ ಅರಸನೆಂಬ ಹೆಸರನ್ನು ಹೊತ್ತನಲ್ಲ, ಇದು ವಿರೋಧವಲ್ಲವೇ ಎಂದು ಕೇಳಬಹುದು. ಮೊದಲನೆಯದು ಆಂಗ್ಲರ ದಾನ, ಎರಡನೆಯದು ಜನರು ಹೊರಿಸಿದ ಭಾರ. ಆತನು ದಾನವನ್ನು ಒಲ್ಲದೆ ಭಾರವನ್ನು ಒಪ್ಪಿಕೊಂಡನು.

ಡಚ್ಚರ ಸೈನ್ಯದ ಗಣನೀಯ ಭಾಗವು ಆಗ ಸುಲಾವೆಸಿ ದ್ವೀಪದ ದಂಡಯಾತ್ರೆಗೆ ಹೋಗಿದ್ದುದರಿಂದ ಮೊದಲ ವರ್ಷಗಳು ಬಂಡುಕೋರರ ಪಾಲಿಗೆ ಅನುಕೂಲವಾಗಿದ್ದುವು. ಯೋಗ್ಯಕರ್ತ ನಗರವನ್ನೇ ಅವರು ಮುತ್ತಿ, ಆಗಸ್ಟ್‌ನಿಂದ ಸೆಪ್ಟೆಂಬರಿನವರೆಗೆ ಅನ್ನಾಹಾರಗಳು ಒಳಹೋಗದಂತೆ ತಡೆದರು. ಯುದ್ಧವು ಮಧ್ಯಜಾವಾದ ಉದ್ದಗಲಕ್ಕೂ ವ್ಯಾಪಿಸಿತು. ಬಯಲಿನಲ್ಲಿ ಎದುರುಬದುರು ನಿಲ್ಲದೆ, ಹೊಂಚಿನಿಂದ ಎರಗಿ ಕಾಡಿನೊಳಗೆ ಕರಗಿಹೋಗುವುದು ಅವರ ಕ್ರಮ. ಮಳೆಗಾಲವು ಅವರ ಮಿತ್ರ. ನದಿಗಳು ಉಕ್ಕಿ, ಹಾದಿಗಳು ಕೆಸರಾಗಿ, ಚಳಿಜ್ವರ ಆಮಶಂಕೆಗಳಿಂದ ಯೂರೋಪಿಯನ್ ಸೈನಿಕರು ಗುಂಡಿಗಿಂತ ಹೆಚ್ಚಾಗಿ ರೋಗಕ್ಕೆ ಬಲಿಯಾಗುತ್ತಿದ್ದರು. ಅನ್ನವನ್ನೂ ಅಡಗುದಾಣವನ್ನೂ ಒದಗಿಸಿ, ಶತ್ರುವಿನ ಚಲನವಲನಗಳನ್ನು ತಿಳಿಸುತ್ತಿದ್ದವರು ಹಳ್ಳಿಯ ಜನ. ಬಾಲ್ಯದಲ್ಲಿ ಗದ್ದೆಯ ಬದುವಿನ ಮೇಲೆ ನಡೆದಾಡಿದ ರಾಜಪುತ್ರನಿಗೆ ಆ ಜನ ತೆತ್ತ ಋಣವೆಂದರೆ ಇದು.

ಆದರೂ ಸತ್ಯವನ್ನು ಮರೆಮಾಚಲಾಗದು. ಸುಂಕದ ಕಟ್ಟೆಗಳ ಮೇಲಿನ ರೋಷವು ಅನೇಕ ಕಡೆ ನಿರಪರಾಧಿಗಳಾದ ಚೀನೀ ಕುಟುಂಬಗಳ ಹತ್ಯೆಯಾಗಿ ಪರಿಣಮಿಸಿತು. ಈ ಯುದ್ಧದ ಯಶಸ್ಸಿಗೆ ಅದು ಅಳಿಯದ ಕಳಂಕ. ಜಾವಾದ ಅರಸುಮನೆಗಳೆಲ್ಲ ದಿಪೊನೆಗೊರೊವಿನ ಪಕ್ಷ ವಹಿಸಿದುವೆಂದೂ ಹೇಳುವಂತಿಲ್ಲ. ಸುರಕರ್ತದ ದೊರೆಯು ಡಚ್ಚರ ಕಡೆಗೇ ಉಳಿದನು. 1826ರ ಅಕ್ಟೋಬರಿನಲ್ಲಿ ಸುರಕರ್ತದ ಬಳಿಯ ಗಾವೊಕ್ ಎಂಬಲ್ಲಿ ನಡೆದ ಕಾಳಗದಲ್ಲಿ ಬಂಡುಕೋರರು ಸೋತರು, ನಾಯಕನಿಗೂ ಗಾಯವಾಯಿತು. ಅಲ್ಲಿಂದ ಗಾಳಿ ತಿರುಗಿತು. ಡಚ್ ಸೇನಾಧಿಪತಿಯಾದ ದ ಕಾಕ್ ಚಾಣಾಕ್ಷನು. ಕಾಡಿನಲ್ಲಿ ಶತ್ರುವನ್ನು ಬೆನ್ನಟ್ಟುವುದು ವ್ಯರ್ಥವೆಂದರಿತು, 1827ರಿಂದ ಊರೂರಿಗೂ ಸಣ್ಣ ಸಣ್ಣ ಕೋಟೆಗಳನ್ನು ಕಟ್ಟಿಸುತ್ತ, ಒಂದರಿಂದ ಇನ್ನೊಂದಕ್ಕೆ ರಸ್ತೆ ಹಾಕಿಸುತ್ತ, ಅವುಗಳ ನಡುವೆ ತ್ವರಿತವಾಗಿ ಚಲಿಸುವ ತುಕಡಿಗಳನ್ನಿರಿಸುತ್ತ ಬಂದನು. ಇನ್ನೂರಕ್ಕೂ ಮಿಕ್ಕ ಈ ಕೋಟೆಗಳು, ಮೀನುಗಾರನು ಕೆರೆಯ ನಡುವಿನಿಂದ ದಡಕ್ಕೆ ಎಳೆಯುತ್ತ ಬರುವ ಬಲೆಯಂತೆ, ಬಂಡುಕೋರರಿದ್ದ ಎಡೆಯನ್ನು ದಿನದಿನಕ್ಕೆ ಕಿರಿದುಗೊಳಿಸಿದುವು. ಆ ಕೋಟೆಗಳಲ್ಲಿದ್ದ ಸೈನಿಕರಲ್ಲಿ ಮದುರಾ, ಅಂಬೊನ್, ಸುಲಾವೆಸಿಯ ಮನಾಡೊ ಮೊದಲಾದ ಇತರ ದ್ವೀಪಪ್ರದೇಶಗಳ ಜನರೂ ಬಹಳವಾಗಿದ್ದರು. ದ್ವೀಪವನ್ನು ದ್ವೀಪದಿಂದಲೇ ಗೆಲ್ಲುವುದು ಆ ಸಾಮ್ರಾಜ್ಯದ ತಂತ್ರ.

ಒಳಗೂ ಬಿರುಕುಗಳು ಬಿಟ್ಟುವು. ಧರ್ಮಾಧಿಕಾರ ರಾಜಾಧಿಕಾರಗಳ ಮೇಲ್ಮೆಯ ವಿಷಯದಲ್ಲಿ ನಾಯಕನೊಡನೆ ಮನಸ್ತಾಪಗೊಂಡ ಕ್ಯಾಯಿ ಮೊಜೊ 1828ರ ನವೆಂಬರಿನಲ್ಲಿ ಸೆರೆಸಿಕ್ಕನು. ಮರುವರ್ಷ ಮಂಕುಬುಮಿಯೂ, ಆಮೇಲೆ ಸೆಂತೊತನೂ ಶರಣಾದರು. ದಿಪೊನೆಗೊರೊವಿನ ತಲೆಗೆ ಡಚ್ಚರು 20,000 ಗಿಲ್ಡರುಗಳ ಬಹುಮಾನವನ್ನು ಸಾರಿದರು. 1829ರ ನವೆಂಬರ್ 11ರಂದು, ಆತನಿಗೆ ನಲವತ್ತನಾಲ್ಕು ವರ್ಷ ತುಂಬಿದ ದಿನವೇ, ಗೊವೊಂಗ್ ಬೆಟ್ಟಗಳಲ್ಲಿ ಶತ್ರುಗಳ ಕೈಗೆ ಇನ್ನೇನು ಸಿಕ್ಕಿಬೀಳುವನೆಂಬಷ್ಟರಲ್ಲಿ ಕಂದರಕ್ಕೆ ಧುಮುಕಿ ಪಾರಾದನು. ಅಲ್ಲಿಂದ ಮುಂದೆ ಒಂದಿಬ್ಬರು ಸೇವಕರೊಡನೆ, ಚಳಿಜ್ವರದಿಂದ ನರಳುತ್ತ, ಬಾಗೆಲೆನ್ ಪ್ರಾಂತದ ಕಾಡುಗಳಲ್ಲಿ ಅಲೆದನು. ಅಷ್ಟಾದರೂ ಹಳ್ಳಿಗರಲ್ಲೊಬ್ಬನೂ ಬಹುಮಾನದ ಆಸೆಗೆ ಆತನನ್ನು ಹಿಡಿದುಕೊಡಲಿಲ್ಲ.

1830ರ ಫೆಬ್ರವರಿಯಲ್ಲಿ ಸಂಧಾನದ ಮಾತು ಮೊದಲಾಯಿತು. ಪವಿತ್ರವಾದ ರಂಜಾನ್ ಮಾಸವು ಕಳೆಯುವವರೆಗೆ ಕಾರ್ಯದ ಮಾತು ಬೇಡವೆಂದು ರಾಜಕುಮಾರನು ಕೇಳಿಕೊಂಡನು. ದ ಕಾಕನೂ ಒಪ್ಪಿದನು. ಮಾರ್ಚ್ 8ರಂದು ದಿಪೊನೆಗೊರೊ ಮಾಗೆಲಾಂಗ್ ಪಟ್ಟಣಕ್ಕೆ ಬಂದನು. ಮುಂದಿನ ಮೂರು ವಾರಗಳಲ್ಲಿ ಸೇನಾಪತಿಯು ಆತನಿಗೆ ಕುದುರೆಯನ್ನೂ ಹಣವನ್ನೂ ಕಾಣಿಕೆಯಾಗಿತ್ತು, ಸ್ನೇಹದಿಂದ ಸಂಭಾಷಿಸಿ ನಡೆದುಕೊಂಡನು; ಅತ್ತ ಒಳಗೊಳಗೇ ಸೆರೆಹಿಡಿಯುವ ಸನ್ನಾಹವನ್ನೂ ಆಜ್ಞಾಪಿಸಿದನು. ಮಾರ್ಚ್ 28, ಈದ್ ಹಬ್ಬದ ಎರಡನೆಯ ದಿನ. ಹಬ್ಬದ ಶುಭಾಶಯವನ್ನು ವಿನಿಮಯ ಮಾಡಿಕೊಳ್ಳಲೆಂದು ರಾಜಕುಮಾರನು ಪರಿಮಿತ ಪರಿವಾರದೊಡನೆ ಅಲ್ಲಿಯ ರೆಸಿಡೆಂಟನ ಬಂಗಲೆಗೆ ಹೋದನು. ಮರಳಲೆಂದು ಎದ್ದವನನ್ನು, ಇನ್ನು ಹೋಗುವಂತಿಲ್ಲವೆಂದು ತಡೆದರು. ಜಾವಾದಲ್ಲಿ ಧರ್ಮದ ಮೇಲ್ವಿಚಾರಣೆಯು ತನಗಿರಬೇಕೆಂಬ ಆತನ ಬೇಡಿಕೆಯನ್ನು ಡಚ್ಚರು ಒಪ್ಪಲು ಸಿದ್ಧರಿರಲಿಲ್ಲ. ಆತನಾದರೋ ಅದನ್ನು ಬಿಡಲು ಸಿದ್ಧನಿರಲಿಲ್ಲ. ಹೊರಗೆ ಪರಿವಾರದವರ ಆಯುಧಗಳನ್ನು ಕಸಿದುಕೊಂಡು, ರಾಜಕುಮಾರನನ್ನು ಗಾಡಿಯಲ್ಲಿ ಕೂರಿಸಿ ಸೆಮರಾಂಗಿನ ಕಡೆಗೆ ಒಯ್ದರು. ಅತಿಥಿಯಾಗಿ ಬಂದವನನ್ನು ಬಂದಿಯನ್ನಾಗಿಸಿದ ಈ ವರ್ತನೆಯು ಡಚ್ಚರಲ್ಲಿಯೇ ಕೆಲವರಿಗೆ ರುಚಿಸಲಿಲ್ಲ.

ಯುದ್ಧದ ಲೆಕ್ಕವು ಭಯಂಕರವಾದುದು. ಡಚ್ಚರ ಪಕ್ಷದಲ್ಲಿ ಸುಮಾರು 8,000 ಯೂರೋಪಿಯನ್ ಸೈನಿಕರೂ 7,000 ದ್ವೀಪವಾಸಿ ಸೈನಿಕರೂ ಸತ್ತರು. ಯುದ್ಧ, ಕ್ಷಾಮ, ರೋಗಗಳಿಗೆ ತುತ್ತಾದ ಜಾವಾದ ಜನರ ಸಂಖ್ಯೆ ಸುಮಾರು ಎರಡು ಲಕ್ಷ. ಡಚ್ ಸರ್ಕಾರಕ್ಕೆ ತಗುಲಿದ ವೆಚ್ಚವು ಎರಡು ಕೋಟಿ ಗಿಲ್ಡರುಗಳಿಗೂ ಮಿಕ್ಕಿತು. ಆ ಹಣವನ್ನು ತುಂಬಿಕೊಳ್ಳುವ ಆತುರವೂ ಸೇರಿ, 1830ರಿಂದ ಬಲವಂತದ ಬೇಸಾಯಪದ್ಧತಿಯು ಜಾರಿಗೆ ಬಂದಿತು. ರೈತನು ತನ್ನ ನೆಲದ ಐದನೆಯ ಒಂದು ಪಾಲಿನಲ್ಲಿ ಕಬ್ಬು, ನೀಲಿ, ಕಾಫಿ ಮೊದಲಾದ ಬೆಳೆಗಳನ್ನು ಸರ್ಕಾರಕ್ಕೆಂದು ಬೆಳೆದುಕೊಡಬೇಕೆಂಬುದು ಅದರ ನಿಯಮ. ನಡವಳಿಕೆಯಲ್ಲಿ ಅದು ಆ ಮಿತಿಯನ್ನೂ ಮೀರಿತು. ಜಾವಾದ ರೈತನ ಬೆವರಿನಿಂದ ಹಾಲೆಂಡಿನ ಬೊಕ್ಕಸವು ದಶಕಗಳ ಕಾಲ ತುಂಬಿತು.

ಬಂದಿಯಾದ ರಾಜಕುಮಾರನನ್ನು ಬತಾವಿಯಾದ (ಈಗಿನ ಜಕಾರ್ತದ) ಮೂಲಕ ಮನಾಡೊವಿಗೂ, 1833ರಲ್ಲಿ ಅಲ್ಲಿಂದ ಮಕಾಸ್ಸರಿನ ರಾಟರ್ಡ್ಯಾಂ ಕೋಟೆಗೂ ಸಾಗಿಸಿದರು. ಖಡ್ಗ ಕೈಬಿಟ್ಟ ಆತನು ಮನಾಡೊವಿನಲ್ಲಿ ಲೇಖನಿಯನ್ನು ಹಿಡಿದನು. 1831ರ ಮೇ ತಿಂಗಳಿನಿಂದ 1832ರ ಫೆಬ್ರವರಿಯವರೆಗೆ, ಒಂಬತ್ತು ತಿಂಗಳಿಗೆ ತುಸು ಕಡಿಮೆ ಅವಧಿಯಲ್ಲಿ, ಜಾವಾದ ಪ್ರಾಚೀನ ಇತಿಹಾಸದಿಂದ ತೊಡಗಿ ತನ್ನ ಸೆರೆಯವರೆಗಿನ ವೃತ್ತಾಂತವನ್ನು ಜಾವಾದ ಛಂದಸ್ಸಿನಲ್ಲಿ, ಸಾವಿರ ಪುಟಗಳನ್ನು ಮೀರುವ ಬೃಹತ್ಕೃತಿಯಾಗಿ ನಿರೂಪಿಸಿದನು. ಅದೇ ದಿಪೊನೆಗೊರೊ ಬಬದ್. ತನ್ನ ಸಾಹಸವನ್ನಷ್ಟೇ ಹೇಳಿಕೊಳ್ಳದೆ, ತನ್ನ ಕೋಪವನ್ನೂ ದೌರ್ಬಲ್ಯಗಳನ್ನೂ ಅದರಲ್ಲಿ ಆತನು ಬಚ್ಚಿಡದೆ ಬರೆದಿದ್ದಾನೆ. 2013ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕೃತಿಯನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ಇಂಡೊನೇಷ್ಯ ಮತ್ತು ಹಾಲೆಂಡ್ ಜೊತೆಗೂಡಿ ಮನವಿ ಸಲ್ಲಿಸಿದುವು.

ಸೆರೆಯ ಆ ಮುಂಜಾನೆಯನ್ನು ಇಬ್ಬರು ಚಿತ್ರಕಾರರು ಎರಡು ಬಗೆಯಾಗಿ ಕಂಡಿದ್ದಾರೆ. ಜಾವಾಕ್ಕೆ ಎಂದೂ ಕಾಲಿಡದ ಡಚ್ ಚಿತ್ರಕಾರ ಪೀನೆಮಾನನ ಚಿತ್ರದಲ್ಲಿ ದ ಕಾಕನು ಗಂಭೀರವಾಗಿ ಕೈಚಾಚಿ ಗಾಡಿಯ ದಾರಿಯನ್ನು ತೋರುತ್ತಾನೆ. ಮೇಲೆ ಡಚ್ ಧ್ವಜವು ಹಾರುತ್ತದೆ. ರಾಜಕುಮಾರನು ಶರಣಾದವನಂತೆ ನಿಂತಿದ್ದಾನೆ. ಯೂರೋಪಿನಲ್ಲಿ ಎರಡು ದಶಕ ವ್ಯಾಸಂಗಮಾಡಿ ತಾಯ್ನಾಡಿಗೆ ಮರಳಿದ ಜಾವಾದ ರಾದೆನ್ ಸಾಲೆಹನು 1857ರಲ್ಲಿ ಬರೆದ ಚಿತ್ರದಲ್ಲಾದರೋ ಧ್ವಜವಿಲ್ಲ. ರಾಜಕುಮಾರನು ತಲೆಯೆತ್ತಿ, ಅಡಗಿಸಿಕೊಂಡ ಕ್ರೋಧದಿಂದ ದಿಟ್ಟಿಸುತ್ತಿದ್ದಾನೆ. ಡಚ್ ಅಧಿಕಾರಿಗಳ ತಲೆಗಳು ಅವರ ದೇಹಕ್ಕೆ ಮಿಕ್ಕು ದೊಡ್ಡವಾಗಿವೆ. ಸಾಲೆಹನು ಅದನ್ನು ಹಾಲೆಂಡಿನ ದೊರೆಗೇ ಕಾಣಿಕೆಯಾಗಿ ಅರ್ಪಿಸಿದನು. 1978ರಲ್ಲಿ ಅದು ಇಂಡೊನೇಷ್ಯಕ್ಕೆ ಹಿಂದಿರುಗಿತು. ಡಚ್ಚರ ವಶದಲ್ಲಿದ್ದ ದಿಪೊನೆಗೊರೊವಿನ ಯಾತ್ರಾದಂಡವು 2015ರಲ್ಲಿಯೂ, ಆತನದೆಂದು ಗುರುತಿಸಲಾದ ಕಠಾರಿಯು 2020ರಲ್ಲಿಯೂ ಸ್ವದೇಶವನ್ನು ಸೇರಿದುವು.

1855ರ ಜನವರಿ 8ರಂದು ದಿಪೊನೆಗೊರೊ ಮಕಾಸ್ಸರಿನಲ್ಲಿ ನಿಧನಹೊಂದಿದನು. ಆತನ ಸಮಾಧಿ ಇಂದಿಗೂ ಆ ನಗರದಲ್ಲಿಯೇ ಇದೆ. ಕ್ಯಾಯಿ ಮೊಜೊವಿನೊಡನೆ ಗಡೀಪಾರಾಗಿ ಹೋದವರು ಮನಾಡೊ ಸಮೀಪದ ತೊಂಡಾನೊದಲ್ಲಿ ನೆಲೆಯೂರಿ, ಸ್ಥಳೀಯರೊಡನೆ ಸಂಬಂಧ ಬೆಳೆಸಿದುದರ ಫಲವಾಗಿ ಅಲ್ಲಿ ಜಾವಾದವರ ಹಳ್ಳಿಯೊಂದು ಈಗಲೂ ಬಾಳುತ್ತಿದೆ. ಯಾವ ದ್ವೀಪಗಳಿಂದ ಸೈನಿಕರನ್ನು ತಂದು ಡಚ್ಚರು ಆತನನ್ನು ಸೋಲಿಸಿದರೋ, ಆ ದ್ವೀಪಗಳಿಗೇ ಆತನನ್ನೂ ಆತನ ಸಂಗಡಿಗರನ್ನೂ ಒಯ್ದು ಬಿಟ್ಟರು. ಒಬ್ಬರನ್ನೊಬ್ಬರಿಂದ ದೂರವಿಡಲು ಮಾಡಿದ ಈ ಉಪಾಯವೇ ಆ ದ್ವೀಪಗಳು ಪರಸ್ಪರ ಅರಿಯುವುದಕ್ಕೂ ದಾರಿಯಾಯಿತು.

ದಿಪೊನೆಗೊರೊ ಇಂಡೊನೇಷ್ಯ ಎಂಬ ರಾಷ್ಟ್ರವನ್ನು ಕಲ್ಪಿಸಿಕೊಂಡವನಲ್ಲ. ಆತನ ಕಾಲಕ್ಕೆ ಆ ಕಲ್ಪನೆ ಹುಟ್ಟಿರಲಿಲ್ಲ. ಆತನು ಬಯಸಿದ್ದು ಧರ್ಮಕ್ಕೆ ಬದ್ಧವಾದ, ಜಾವಾದವರೇ ಆಳುವ ಜಾವಾವನ್ನು. ಆದರೆ ಅಧಿಕಾರವು ಎಲ್ಲಿಂದ ಹುಟ್ಟಬೇಕೆಂಬ ಪ್ರಶ್ನೆಗೆ ಆತನು ತನ್ನ ಬಾಳಿನಿಂದಲೇ ಉತ್ತರವಿತ್ತನು. ಹೊರಗಿನವರು ಕೊಟ್ಟ ಪದವಿ ಹೊರಗಿನವರಿಗೇ ಸೇವೆ ಸಲ್ಲಿಸುತ್ತದೆ. ಹೊಲಗದ್ದೆಗಳ ಜನ ಹೊರಿಸಿದ ಭಾರವನ್ನು ಹೊತ್ತವನು ಸೋತಾಗಲೂ ಅವರ ನಡುವೆಯೇ ಉಳಿಯುತ್ತಾನೆ. ಸುಂಕದ ಕಟ್ಟೆಯಲ್ಲಿ ಕೂಸನ್ನು ಹೊತ್ತು ನಿಂತ ತಾಯಿಯ ಅಪಮಾನವನ್ನು ತನ್ನದೆಂದು ಬಗೆದ ಅರಸುಮಗನನ್ನು ಮುಂದೆ ಹುಟ್ಟಿದ ರಾಷ್ಟ್ರವು ತನ್ನವನೆಂದು ಒಪ್ಪಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ರಾಷ್ಟ್ರದ ಸ್ವಾತಂತ್ರ್ಯವೂ ಅಂಥ ಅಪಮಾನಗಳನ್ನು ಸಹಿಸಲೊಲ್ಲದ ಜನರ ಮನಸ್ಸಿನಿಂದಲೇ ಮೂಡಿದುದು.